ಅಪ್ಪಯ್ಯನ ತಾರಸಿ, ಅಜ್ಜಯ್ಯನ ಮಾಡು: ಕಡಲ ಬದಿಯ ಒಂದು ಮನೆಯ ಪ್ರಕರಣ

2019ರ ಜೂನ್. ಮಳೆ ಹಿಡಿದು ಒಂದು ವಾರವಾಗಿತ್ತು. ಬೆಳಿಗ್ಗೆ ಏಳೂವರೆ ಹೊತ್ತಿಗೆ ನಮ್ಮ ಅಡಿಗೆಮನೆಯ ಸ್ಲ್ಯಾಬಿನಿಂದ ಊಟದ ತಟ್ಟೆಯಷ್ಟು ದೊಡ್ಡ ಒಂದು ಚೂರು ಕಳಚಿ ನೇರ ಗ್ಯಾಸ್ ಒಲೆಯ ಮೇಲೆ ಬಿತ್ತು. ದೋಸೆ ಹೊಯ್ಯುತ್ತಿದ್ದ ಅಕ್ಕ ಚಟ್ನಿಗೆ ಕಾಯಿ ತರಲು ಪಕ್ಕದ ಕೋಣೆಗೆ ಹೋಗಿದ್ದಳು, ಹಾಗಾಗಿ ಬಚಾವ್. ಬಂದು ನೋಡಿದರೆ ಕಾವಲಿ ನೆಲದಲ್ಲಿ, ಹಿಟ್ಟಿನ ಪಾತ್ರೆಯಲ್ಲಿ ಸಿಮೆಂಟು, ತಲೆಯ ಮೇಲೆ ಕೆಂಪಗೆ ಹಲ್ಲು ಕಿರಿದ ಹಾಗೆ ಮೂರು ಸರಳು.

ಮರುದಿನ ನಾನು ಊರಿಗೆ ಹೋಗಿ ಏಣಿ ಹತ್ತಿ ಒಂದು ಸರಳನ್ನು ಸ್ಕ್ರೂಡ್ರೈವರಿನಲ್ಲಿ ಕೆರೆದೆ. ಬೇಯಿಸಿದ ಪತ್ರೊಡೆ ಬಿಡಿಸಿದ ಹಾಗೆ ಪದರ ಪದರವಾಗಿ ಎದ್ದು ಬಂತು. 8 ಮಿ.ಮೀ. ಸರಳು ಅದು. ಎಲ್ಲ ಕೆರೆದ ಮೇಲೆ ಒಂದೆರಡು ಕಡೆ ಪೆನ್ಸಿಲಿನ ಸೀಸದಷ್ಟು ಕಬ್ಬಿಣ ಉಳಿದಿತ್ತು. ಇದರ ಕೆಳಗೆ ನಾವು 25 ವರ್ಷ ಊಟ ಮಾಡಿದ್ದೇವೆ.

ಮನೆ ಇರುವುದು ಮರವಂತೆಯ ಹತ್ತಿರ. ಹೆದ್ದಾರಿಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ ಇರುವ ಆ ಜಾಗ ನೀವು ನೋಡಿರುತ್ತೀರಿ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಹೋದರೆ ನಮ್ಮ ಮನೆ, ಕಡಲಿನಿಂದ ಹೆಚ್ಚೆಂದರೆ 600 ಮೀಟರ್. ವರ್ಷಕ್ಕೆ ಹತ್ತಿರ ಹತ್ತಿರ 4000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪಡುಗಾಳಿ ಜೋರಾಗಿ ಬೀಸಿದ ದಿನ ಕಿಟಕಿ ಗಾಜನ್ನು ನೆಕ್ಕಿದರೆ ಉಪ್ಪು ಗೊತ್ತಾಗುತ್ತದೆ. ಸಣ್ಣವರಿದ್ದಾಗ ನೆಕ್ಕಿ ನೋಡಿದ್ದೂ ಉಂಟು.

ಜಾಗದಲ್ಲಿ ಎರಡು ಮನೆ ಇದ್ದವು. ಒಂದು 1950ರ ದಶಕದಲ್ಲಿ ಅಜ್ಜಯ್ಯ ಕಟ್ಟಿಸಿದ್ದು. ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆ, ಹಲಸು ಮತ್ತು ತಾಳೆ ಮರದ ಮೋಪು, ಮಂಗಳೂರು ಹೆಂಚು. ಇನ್ನೊಂದು 1994ರಲ್ಲಿ ಅಪ್ಪಯ್ಯ ಕಟ್ಟಿಸಿದ ತಾರಸಿ ಮನೆ. ಆ ಕಾಲಕ್ಕೆ ನಮ್ಮ ಕಡೆ ತಾರಸಿ ಮನೆ ಅಂದರೆ ಬೊಂಬಾಯಿ ಹೋಟೆಲಿನ ದುಡ್ಡು ಬಂತು ಅಂತ ಅರ್ಥ. ಹಳೆ ಮನೆಯನ್ನು ಕೊಟ್ಟಿಗೆ, ತೆಂಗಿನಕಾಯಿ, ಅಡಿಕೆ ಅಂತ ಬಳಸಿದೆವು. ಎರಡಕ್ಕೂ ಅದೇ ಗಾಳಿ, ಅದೇ ಮಳೆ. 2019ರಲ್ಲಿ ಹೊಸ ಮನೆ ವಾಸಕ್ಕೆ ಅಪಾಯ ಅನಿಸಿಕೊಂಡಿತು. ಅಕ್ಕ, ಭಾವ ಒಂದು ಮಳೆಗಾಲ ಕಳೆದಿದ್ದು ಅದೇ ಕೊಟ್ಟಿಗೆ ಮನೆಯಲ್ಲಿ!

ಕಾಂಕ್ರೀಟ್ ಕೆಟ್ಟದ್ದು, ಹಿರಿಯರ ಕಾಲದ್ದೇ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಅಜ್ಜಯ್ಯನ ಕಾಲದ ಎಷ್ಟೋ ಹೆಂಚಿನ ಮನೆಗಳು ಬಿದ್ದು ಮಣ್ಣಾಗಿವೆ, ಬಿದ್ದದ್ದು ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ನಮ್ಮದು ಉಳಿದದ್ದು ಯಾಕೆಂದರೆ ಪ್ರತಿ ವರ್ಷ ಮೇ ತಿಂಗಳಲ್ಲಿ ಯಾರಾದರೂ ಮಾಡು (ಹೆಂಚಿನ ಛಾವಣಿ) ಹತ್ತಿ ಒಡೆದ ಹೆಂಚು ಬದಲಿಸುತ್ತಿದ್ದರು. ತಾರಸಿಗೆ ಆ ಉಪಚಾರ ಇರಲಿಲ್ಲ. ಮೇಂಟೆನೆನ್ಸ್ ಬೇಡ ಅನ್ನುವುದೇ ಅದನ್ನು ಕಟ್ಟಿಸಲು ಕಾರಣವಾಗಿತ್ತು.

ಹಾಗಾದರೆ ತಾರಸಿ ಹಾಳಾದದ್ದು ಹೇಗೆ? ಉಡುಪಿಯಲ್ಲಿ ಇಂಜಿನಿಯರ್ ಆಗಿರುವ ಗೆಳೆಯನೊಬ್ಬ ಬಂದು ನೋಡಿದ. ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ತಲೀನ್ ಸಿಂಪಡಿಸಿದ. ಒಳ್ಳೆಯ ಕಾಂಕ್ರೀಟ್ ಕ್ಷಾರೀಯ, ಅದರ ಪಿಎಚ್ 12ರ ಮೇಲಿರುತ್ತದೆ, ಈ ದ್ರಾವಣ ತಾಗಿದರೆ ಢಾಳಾದ ಗುಲಾಬಿ ಬಣ್ಣ ಬರುತ್ತದೆ. ಆ ಕ್ಷಾರ ಇರುವ ತನಕ ಸರಳಿಗೆ ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ. ಗಾಳಿಯ ಕಾರ್ಬನ್ ಡೈ ಆಕ್ಸೈಡ್ ನಿಧಾನಕ್ಕೆ ಒಳಗಿಳಿದು ಆ ಕ್ಷಾರವನ್ನು ತಿನ್ನುತ್ತದೆ, ತಿಂದ ಜಾಗ ಬಣ್ಣ ಹಿಡಿಯುವುದಿಲ್ಲ. ನಮ್ಮ ಸ್ಲ್ಯಾಬಿನಲ್ಲಿ ಕೆಳಗಿನಿಂದ ಸುಮಾರು ಎರಡು ಬೆರಳು ಅಗಲ ಬಿಳಿಚಿಕೊಂಡೇ ಇತ್ತು, ಗುಲಾಬಿ ಅದರ ಮೇಲೆ. ಸರಳು ಇದ್ದದ್ದು ಒಂದು ಬೆರಳಿನ ಆಳದಲ್ಲಿ, ಅಂದರೆ ಪೂರ್ತಿ ಆ ಬಿಳಿ ಭಾಗದ ಒಳಗೆ.

ಟೇಪ್ ಹಿಡಿದು ನೋಡಿದರೆ ಸರಳಿನ ಕೆಳಗೆ 10, 12 ಮಿ.ಮೀ. ಕಾಂಕ್ರೀಟ್ ಮಾತ್ರ. ಸರಳನ್ನು ಎತ್ತಿ ಹಿಡಿಯುವ ಕವರ್ ಬ್ಲಾಕ್ ಇಡುವ ಬದಲು ಜಲ್ಲಿ ಚೂರು ಇಟ್ಟಿದ್ದರು, ಕಾಂಕ್ರೀಟ್ ಸುರಿಯುವಾಗ ಮೇಲೆ ನಡೆದಾಡಿದವರ ಕಾಲಿಗೆ ಅವು ಜಾರಿರಬೇಕು. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕಡಲ ಗಾಳಿಗೆ ತೆರೆದುಕೊಂಡ ಕಾಂಕ್ರೀಟಿಗೆ 45 ಮಿ.ಮೀ. ಕವರ್ (ಸರಳನ್ನು ಮುಚ್ಚುವ ಕಾಂಕ್ರೀಟಿನ ದಪ್ಪ) ಬೇಕು, ಕನಿಷ್ಠ ಎಂ30 ದರ್ಜೆಯ ಗಟ್ಟಿತನ ಬೇಕು. ಉಪ್ಪು ಗಾಳಿ ನೇರವಾಗಿ ತಾಗದ ಹಾಗೆ ಒಳಗಿರುವ ಭಾಗಕ್ಕೂ 30 ಮಿ.ಮೀ. ಬೇಕು. ಇದರ ಮೇಲೆ ಮರಳಿನ ಕತೆ ಬೇರೆ. ಆಗ ಮರಳು ಬಂದದ್ದು ಅಳಿವೆಯಿಂದ, ತೊಳೆದವರು ಯಾರೂ ಇಲ್ಲ. ಅಂದರೆ ಉಪ್ಪನ್ನು ನಾವೇ ಕಲಸಿ ಒಳಗಿಟ್ಟಿದ್ದೆವು, ಗಾಳಿ ತರುವ ತನಕ ಕಾಯಲೂ ಇಲ್ಲ. ಕ್ಲೋರೈಡ್ ಸರಳಿನ ಹತ್ತಿರ ಸಾಕಷ್ಟು ಸೇರಿಕೊಂಡರೆ ಕ್ಷಾರವಿದ್ದರೂ ತುಕ್ಕು ಶುರುವಾಗುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಕಾಂಕ್ರೀಟ್ ಹಿಗ್ಗುವುದಿಲ್ಲ, ಒಡೆಯುತ್ತದೆ. ಬಿರುಕಿನಲ್ಲಿ ಇನ್ನಷ್ಟು ನೀರು, ಇನ್ನಷ್ಟು ಉಪ್ಪು. ಮಳೆಗೆ ನೆನೆದು ಬಿಸಿಲಿಗೆ ಒಣಗಿ ಮತ್ತೆ ನೆನೆಯುವ ನಮ್ಮ ಹವೆಯಲ್ಲಿ ಈ ಆಟ ವರ್ಷವಿಡೀ ನಡೆಯುತ್ತದೆ.

2011ರಲ್ಲೂ ಒಂದು ಕಡೆ ಹೀಗೇ ಕಳಚಿತ್ತು. ಆಗ ಅಪ್ಪಯ್ಯ ಇದ್ದರು. ಕಳಚಿದ ಜಾಗ ಕೆತ್ತಿಸಿ, ತುಕ್ಕು ಒರೆಸಿ, ಹೊಸ ಗಾರೆ ಹಾಕಿಸಿದ್ದರು. ಆ ತೇಪೆ ಇವತ್ತಿಗೂ ಗಟ್ಟಿ, ಆದರೆ ಅದರ ಸುತ್ತ ಎರಡೇ ವರ್ಷದಲ್ಲಿ ಬಿರುಕು ಬಿಟ್ಟಿತು. ಮೇಸ್ತ್ರಿ ಸರಿಯಿಲ್ಲ ಅಂತ ಎಲ್ಲರೂ ಬೈದೆವು. ಪಾಪ, ಮೇಸ್ತ್ರಿಯದ್ದು ತಪ್ಪಿರಲಿಲ್ಲ. ತುಕ್ಕು ಹಿಡಿಯುವ ಜಾಗ ತನ್ನ ಅಕ್ಕಪಕ್ಕದ ಸರಳನ್ನು ಒಂದು ರೀತಿಯಲ್ಲಿ ಕಾಯುತ್ತಿರುತ್ತದೆ, ಬ್ಯಾಟರಿಯ ಎರಡು ತುದಿಯ ಹಾಗೆ. ಅದನ್ನು ಸರಿಮಾಡಿ ಉಪ್ಪು ತುಂಬಿದ ಪಕ್ಕದ ಕಾಂಕ್ರೀಟನ್ನು ಹಾಗೇ ಬಿಟ್ಟರೆ ತುಕ್ಕು ಅಲ್ಲಿಗೆ ದಾಟುತ್ತದೆ. ಎಂಟು ವರ್ಷ ನಾವು ತೇಪೆ ಹಾಕುತ್ತಾ ತುಕ್ಕನ್ನು ಮನೆ ತುಂಬಾ ಓಡಾಡಿಸಿದ್ದೇವೆ. ನಡುವೆ ತಾರಸಿಯ ಮೇಲೆ ಡಾಂಬರು ಹಾಳೆ, ಕೆಮಿಕಲ್, ಕೊನೆಗೆ ತಗಡಿನ ಶೀಟು. ಸುಮ್ನೆ ದುಡ್ಡು.

ಕೆಡವುವುದು ಅಂತ ತೀರ್ಮಾನ ಆದ ಮೇಲೆ ಶುರುವಾಯಿತು ನೋಡಿ, ನಿಜವಾದ ಜಗಳ. ಭಾವನಿಗೆ ಮತ್ತೆ ತಾರಸಿಯೇ ಬೇಕು.

"ಹೆಂಚಿನ ಮನೆಗೆ ಮಂಗ ಬರ್ತದೆ ಮಾರಾಯ, ತೆಂಗಿನಕಾಯಿ ಬೀಳ್ತದೆ. ಬೆಂಗಳೂರಲ್ಲಿ ಕೂತು ನಿಂಗೆ ಹೇಳುವುದು ಸುಲಭ. ವರ್ಷ ವರ್ಷ ಮಾಡು ಹತ್ತುವವ ನಾನು."

ಅದೂ ನಿಜವೇ. ಈಗ ಮಾಡು ಹತ್ತುವ ಜನ ಸಿಗುವುದಿಲ್ಲ, ಸಿಕ್ಕರೂ ಹೇಳಿದ ದಿನ ಬರುವುದಿಲ್ಲ. ಅಕ್ಕನ ವಾದ ಬೇರೆ ಇತ್ತು. "ನಂಗೆ ಯಾವುದಾದ್ರೂ ಆಗ್ತದೆ. ತಲೆ ಮೇಲೆ ಬೀಳುವ ಮೊದ್ಲು ಗೊತ್ತಾಗ್ಬೇಕು, ಅಷ್ಟೇ."

ಈ ಮಾತೇ ಕೊನೆಗೆ ನಮ್ಮ ಅಳತೆಗೋಲು ಆಯಿತು. ಯಾವ ವಸ್ತು ಜಾಸ್ತಿ ಗಟ್ಟಿ, ಎಷ್ಟು ವರ್ಷದ ಗ್ಯಾರಂಟಿ ಅಂತ ಕೇಳುವುದು ಬಿಟ್ಟೆವು. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದು ಸಾಯುವುದು ಹೇಗೆ? ಕಣ್ಣೆದುರು, ಒಂದೊಂದು ತುಂಡಾಗಿಯೋ? ಒಳಗೊಳಗೇ, ಒಟ್ಟಿಗೆಯೋ? ಹೆಂಚು ಒಡೆದರೆ ಚಾವಡಿಯಲ್ಲಿ ಹನಿ ಬೀಳುತ್ತದೆ, ಆ ಒಂದು ಹೆಂಚು ಬದಲಿಸುತ್ತೀರಿ. ಸ್ಲ್ಯಾಬಿನೊಳಗೆ ಸರಳು ಸತ್ತರೆ ಗೊತ್ತಾಗುವುದು ದೋಸೆ ಕಾವಲಿ ಮಗುಚಿದಾಗ.

ಗೋಡೆಯ ವಿಷಯದಲ್ಲಿ ತಕರಾರು ಇರಲಿಲ್ಲ. ಮುರಕಲ್ಲು ಅಂತ ನಾವು ಹೇಳುವುದು, ಉತ್ತರ ಕನ್ನಡದವರು ಚಿರೆಕಲ್ಲು ಅಂತಾರೆ, ಬೇರೆಯವರಿಗೆ ಕೆಂಪುಕಲ್ಲು. ಬಿಸಿಲು ಮಳೆ ಎರಡೂ ಜೋರಾಗಿರುವ ಉಷ್ಣವಲಯದಲ್ಲಿ ಬಂಡೆ ಕರಗಿ, ಕಬ್ಬಿಣದ ಅಂಶ ಉಳಿದು ಹುಟ್ಟುವ ಕಲ್ಲು ಇದು. 1800ರ ಸುಮಾರಿಗೆ ಈ ಕಡೆ ಸುತ್ತಾಡಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮಲಬಾರಿನಲ್ಲಿ ಇದನ್ನು ಮೆದುವಾಗಿದ್ದಾಗ ಇಟ್ಟಿಗೆಯ ಹಾಗೆ ಕತ್ತರಿಸುವುದನ್ನು ನೋಡಿ, ಇಟ್ಟಿಗೆ ಅನ್ನುವ ಲ್ಯಾಟಿನ್ ಪದದಿಂದ ಲ್ಯಾಟರೈಟ್ ಅಂತ ಹೆಸರಿಟ್ಟ. ಅಗೆದಾಗ ಮೆದು, ಗಾಳಿಗಿಟ್ಟರೆ ಗಟ್ಟಿ. ತುಕ್ಕಿನಿಂದಲೇ ಆದ ಕಲ್ಲಿಗೆ ಮತ್ತೆ ತುಕ್ಕು ಹಿಡಿಯುವ ಹೆದರಿಕೆ ಎಲ್ಲಿಂದ?

ಆದರೆ ಎಲ್ಲ ಮುರಕಲ್ಲು ಒಂದೇ ಅಲ್ಲ. ಇಲ್ಲಿ ನಾವು ಎರಡು ದಿನ ಕಲ್ಲಿನ ಕ್ವಾರಿಯಲ್ಲೇ ಕಳೆದೆವು, ಅದು ದಂಡವಾಗಲಿಲ್ಲ. ಮೇಲಿನ ಪದರದ ಕಲ್ಲು ಕಡು ಕೆಂಪು, ತೂಕ ಜಾಸ್ತಿ, ಕತ್ತಿಯ ಬೆನ್ನಿನಿಂದ ತಟ್ಟಿದರೆ ಟಣ್ ಅನ್ನುತ್ತದೆ. ಕೆಳಗೆ ಹೋದ ಹಾಗೆ ಹಳದಿ ತಿರುಗಿ, ಒಳಗೆ ಬಿಳಿ ಜೇಡಿಯ ಗೂಡುಗಳು ಸಿಗುತ್ತವೆ, ತಟ್ಟಿದರೆ ದಬ್ ಅಂತ ಸದ್ದು. ಆ ಬಿಳಿ ಜೇಡಿ ಒಂದೆರಡು ಮಳೆಗಾಲದಲ್ಲಿ ತೊಳೆದು ಹೋಗಿ ಕಲ್ಲು ಜರಡಿಯಾಗುತ್ತದೆ. ಮುರಕಲ್ಲಿನ ಮಾನದಂಡ ಐಎಸ್ 3620 ಪ್ರಕಾರ ಕಲ್ಲು ಕುಡಿಯುವ ನೀರು ಅದರ ತೂಕದ 12 ಶೇಕಡ ಮೀರಬಾರದು. ನಾವು ಆರು ಕಲ್ಲನ್ನು ಒಣಗಿಸಿ, ತೂಗಿ, ಒಂದು ದಿನ ಬಾವಿಕಟ್ಟೆಯ ತೊಟ್ಟಿಯಲ್ಲಿ ಮುಳುಗಿಸಿ ಮತ್ತೆ ತೂಗಿದೆವು. ಮೀನಿನ ಅಂಗಡಿಯಿಂದ ಎರವಲು ತಂದ ತಕ್ಕಡಿ. ಎರಡು ಕಲ್ಲು ಫೇಲು, ಎರಡೂ ಹಳದಿಯವೇ. ಒಪ್ಪಿದ ಕಲ್ಲನ್ನು ಅಂಗಳದಲ್ಲಿ ಪೇರಿಸಿ ಒಂದು ಮಳೆಗಾಲ ಹಾಗೇ ಬಿಟ್ಟೆವು. ಪುಡಿಯಾಗುವುದು ಅಲ್ಲೇ ಪುಡಿಯಾಗಲಿ ಅಂತ.

ಮುರಕಲ್ಲಿನ ಸಾವು ಬುಡದಿಂದ. ನೆಲದ ನೀರು ಹೀರಿ, ಅಂಗಳದಿಂದ ಸಿಡಿಯುವ ಹನಿಗೆ ಕೆಳಗಿನ ಎರಡು ಸಾಲು ಮೊದಲು ಕೆಡುತ್ತದೆ. ಅದಕ್ಕೆ ಪಂಚಾಂಗ (ಗೋಡೆಯ ತಳಪಾಯ) ಪೂರ್ತಿ ಶಿಲೆಕಲ್ಲು, ನೆಲದಿಂದ ಎರಡೂವರೆ ಅಡಿ ಮೇಲಕ್ಕೆ. ಶಿಲೆಕಲ್ಲಿನ ಬಗ್ಗೆ ಭಾವನಿಗೆ ಅನುಮಾನವೇ ಇಲ್ಲ. ಕಾರ್ಕಳದ ಗೊಮ್ಮಟ 1432ರಿಂದ ಕೊಡೆಯಿಲ್ಲದೆ ನಿಂತಿದ್ದಾನೆ, ಇನ್ನೇನು ಸರ್ಟಿಫಿಕೇಟ್ ಬೇಕು ಅಂತ ಅವನ ಮಾತು. ಗಾರೆ ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಮರಳು. ಬರೀ ಸಿಮೆಂಟಿನ ಗಾರೆ ಕಲ್ಲಿಗಿಂತ ಬಿಗಿಯಾಗಿ ನೀರನ್ನು ಒಳಗೇ ಹಿಡಿದಿಡುತ್ತದೆ. ಹೊರಗೋಡೆಗೆ ಪ್ಲಾಸ್ಟರ್ ಇಲ್ಲ. ನೆನೆದರೆ ಒಣಗಲಿ, ಕೆಟ್ಟ ಕಲ್ಲು ಇದ್ದರೆ ಕಾಣಲಿ. ಒಳಗೆ ಸುಣ್ಣ. ನೆಲಕ್ಕೆ ಕಾವಿ ಹಾಕಬೇಕು ಅಂತ ನನ್ನ ಆಸೆ ಇತ್ತು, ನುರಿತ ಕೈ ಸಿಗಲಿಲ್ಲ, ಮಾಮೂಲು ಟೈಲ್ಸ್ ಹಾಕಿದೆವು. ಅದು ಕೆಟ್ಟರೂ ಯಾರ ತಲೆಯ ಮೇಲೂ ಬೀಳುವುದಿಲ್ಲ.

ಮಾಡು ದೊಡ್ಡ ಚರ್ಚೆ. ಹೆಂಚು ಅಂತ ಒಪ್ಪಿಕೊಂಡ ಮೇಲೂ ಅದರ ಕೆಳಗೆ ಏನು? ಈಗ ಎಲ್ಲರೂ ಹಾಕಿಸುವುದು ಚೌಕದ ಕಬ್ಬಿಣದ ಪೈಪಿನ ಟ್ರಸ್, ಅಂದರೆ ಮಾಡು ಹೊರುವ ಚೌಕಟ್ಟು. ಅಗ್ಗ, ಬೇಗ ಮುಗಿಯುತ್ತದೆ, ಒರಲೆ ಹಿಡಿಯುವುದಿಲ್ಲ. ನಮ್ಮ ಪ್ರಶ್ನೆ ಕೇಳಿ ನೋಡಿ: ಅದು ಸಾಯುವುದು ಹೇಗೆ? ಪೈಪಿನ ಹೊರಗೆ ಬಣ್ಣ ಬಳಿಯಬಹುದು, ಒಳಗೆ ಯಾರು ಬಳಿಯುತ್ತಾರೆ? ಸತುವಿನ ಲೇಪ ಇದ್ದರೂ ವೆಲ್ಡಿಂಗ್ ಮಾಡಿದಲ್ಲೆಲ್ಲ ಸುಟ್ಟು ಹೋಗುತ್ತದೆ. ತುದಿ ತೆರೆದೇ ಬಿಟ್ಟರೆ ಉಪ್ಪು ಗಾಳಿ ಒಳಗೇ ಮನೆ ಮಾಡುತ್ತದೆ. ಕಡಲಿನಿಂದ 20 ಕಿ.ಮೀ. ಒಳಗಿದ್ದಿದ್ದರೆ ನಾನೂ ಅದನ್ನೇ ಹಾಕಿಸುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಮರಕ್ಕೆ ದುಡ್ಡು ಎಲ್ಲಿಂದ ಅಂತ ತಲೆ ಕೆಡಿಸಿಕೊಂಡಾಗ ಉತ್ತರ ಕೊಟ್ಟಿಗೆಯಲ್ಲೇ ಇತ್ತು. ಅಜ್ಜಯ್ಯನ ಮನೆ ಬಿಚ್ಚಿಸಿದೆವು. ಆಚಾರ್ರು ಒಂದೊಂದು ಪಕಾಸನ್ನೂ (ಮಾಡಿನ ಇಳಿಜಾರು ಮರ) ಉಳಿಯ ತುದಿಯಿಂದ ಚುಚ್ಚಿ ನೋಡಿದರು. ಒರಲೆ ತಿಂದದ್ದು ಗೋಡೆಗೆ ತಾಗಿದ ತುದಿಗಳು ಮಾತ್ರ, ಆ ಒಂದು ಅಡಿ ಕತ್ತರಿಸಿದರೆ ಉಳಿದದ್ದು ಕಬ್ಬಿಣ. ಹಲಸು ಒಳಗೆ ಇನ್ನೂ ಹಳದಿ! ಹೆಚ್ಚುಕಡಿಮೆ ಮುಕ್ಕಾಲು ಭಾಗ ಮೋಪು ಅಲ್ಲೇ ಸಿಕ್ಕಿತು. ಉಳಿದದ್ದನ್ನು ಹಳೆ ಮನೆ ಬಿಚ್ಚಿದ ಮಾಲು ಮಾರುವವರಿಂದ ತಂದೆವು. ಮರಕ್ಕೆಲ್ಲ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದದ್ದು, ದೋಣಿಗೆ ಬಳಿಯುತ್ತಿದ್ದ ಎಣ್ಣೆಯೇ. ನಾನು ಹುಮ್ಮಸ್ಸಿನಲ್ಲಿ ಬರಿಗೈಯಲ್ಲಿ ಬಳಿದು ಎರಡು ವಾರ ಬೊಕ್ಕೆ ಎದ್ದ ಕೈ ಹಿಡಿದುಕೊಂಡು ಕೂತಿದ್ದೆ, ನೀವು ಗ್ಲೌಸ್ ಹಾಕಿ.

ಹೆಂಚಿನಲ್ಲಿ ಒಂದು ಪಾಠ ಆಯಿತು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್‌ನವರು 1860ರ ದಶಕದಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಈ ಹೆಂಚನ್ನು ಆಮೇಲೆ ಕುಂದಾಪುರದ ತನಕ ಎಷ್ಟೋ ಕಾರ್ಖಾನೆಗಳು ಮಾಡಿದವು, ಈಗ ಒಂದೊಂದಾಗಿ ಮುಚ್ಚಿವೆ. ಎಲ್ಲ ನೋಡಲು ಒಂದೇ, ಆದರೆ ಅಚ್ಚು ಕೂದಲೆಳೆ ಬೇರೆ ಬೇರೆ. ಒಂದು ಮಾರ್ಕಿನ ಹೆಂಚಿನ ಪಕ್ಕ ಇನ್ನೊಂದು ಮಾರ್ಕಿನದನ್ನು ಕೂರಿಸಿದರೆ ತುಟಿ ಸರಿಯಾಗಿ ಕಚ್ಚುವುದಿಲ್ಲ, ಗಾಳಿ ಮಳೆಗೆ ನೀರು ಅಲ್ಲೇ ಒಳಗೆ. ಹಾಗಾಗಿ ಹಳೆ ಹೆಂಚನ್ನು ಬೆನ್ನಿನ ಮಾರ್ಕ್ ನೋಡಿ ಮೂರು ರಾಶಿ ಮಾಡಿದೆವು, ಒಂದೊಂದು ಇಳಿಜಾರಿಗೆ ಒಂದೊಂದು ಮಾರ್ಕು. ಬೆರಳು ಗಂಟಿನಲ್ಲಿ ಹೊಡೆದಾಗ ಗಂಟೆಯ ಸದ್ದು ಬಾರದ್ದೆಲ್ಲ ತೆಂಗಿನ ಬುಡಕ್ಕೆ. 200 ಹೆಂಚು ಹಿತ್ತಿಲಲ್ಲಿ ಬದಲಿಗೆ ಅಂತ ಇದೆ. ಸೂರು ಗೋಡೆಯಿಂದ ಮೂರು ಅಡಿ ಹೊರಗೆ. ತೆಂಗಿನ ಮರ ಎರಡು ಕಡಿಸಬೇಕಾಯಿತು, ಅಕ್ಕ ಒಂದು ದಿನ ಮಾತಾಡಲಿಲ್ಲ.

ಭಾವನ ಮನಸ್ಸಿಗೆ ಒಂದು ತುಂಡು ತಾರಸಿಯೂ ಉಂಟು. ಬಚ್ಚಲಿನ ಮೇಲೆ, ನೀರಿನ ಟ್ಯಾಂಕ್ ಇಡಲು, 8 ಅಡಿಗೆ 10 ಅಡಿ. ಇಲ್ಲಿ ಮಾತ್ರ ನಾನು ದೆವ್ವದ ಹಾಗೆ ನಿಂತಿದ್ದೆ. ಸ್ಲ್ಯಾಗ್ ಸಿಮೆಂಟ್ (ಕಬ್ಬಿಣದ ಕುಲುಮೆಯ ಕಿಟ್ಟದ ಪುಡಿ ಬೆರೆತದ್ದು), ಅದು ಉಪ್ಪನ್ನು ಒಳಬಿಡುವುದು ನಿಧಾನ. ಎಂ30, ನೀರು ಸಿಮೆಂಟಿನ ಪ್ರಮಾಣ 0.45 ದಾಟದ ಹಾಗೆ. ಅಂಗಡಿಯ 45 ಮಿ.ಮೀ. ಕವರ್ ಬ್ಲಾಕ್. ಮೇಸ್ತ್ರಿ ಎರಡು ಸಲ ಕಲಸುವ ಮೆಷಿನ್ನಿಗೆ ಇನ್ನೊಂದು ಬಕೆಟ್ ನೀರು ಹೊಯ್ಯಲು ಬಂದರು. "ಗಟ್ಟಿ ಆಯ್ತು ಅಣ್ಣ, ಎಳೆಯಲಿಕ್ಕೆ ಬರುದಿಲ್ಲ." ಎಳೆಯಲು ಸುಲಭ ಆದಷ್ಟೂ ಒಣಗಿದ ಮೇಲೆ ತೂತು ಜಾಸ್ತಿ. ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಡಿಲ ಮಾಡುವ ಪ್ಲಾಸ್ಟಿಸೈಸರ್ ಹಾಕಿದೆವು, ನೀರು ಹಾಕಲಿಲ್ಲ. ಹದಿನಾಲ್ಕು ದಿನ ಗೋಣಿ ಹೊದಿಸಿ ನೀರು ನಿಲ್ಲಿಸಿದೆವು. ಕಿಟಕಿ ಬಾಗಿಲಿನ ಮೇಲೆ ಸುತ್ತ ಬರುವ ಕಾಂಕ್ರೀಟ್ ಪಟ್ಟಿ ಬೇಕೇ ಬೇಕು ಅಂತ ಇಂಜಿನಿಯರ್ ಗೆಳೆಯ ಹಟ ಹಿಡಿದ, ಭೂಮಿ ನಡುಗಿದರೆ ಗೋಡೆ ಬಿಚ್ಚಿಕೊಳ್ಳಬಾರದು ಅಂತ. ಸರಿ, ಅದಕ್ಕೂ ಅದೇ ನಿಯಮ.

2023ರ ಮೇ ತಿಂಗಳಲ್ಲಿ ಒಕ್ಕಲಾದೆವು. ಖರ್ಚು ತಾರಸಿ ಮನೆಗಿಂತ ಕಡಿಮೆ ಆಗಲಿಲ್ಲ. ಮೋಪಿನಲ್ಲಿ ಉಳಿದದ್ದು ಆಚಾರ್ರ ಸಂಬಳಕ್ಕೆ ಹೋಯಿತು.

ಮೊದಲ ಮಳೆಗಾಲದಲ್ಲಿ ಎರಡು ಕಡೆ ಸೋರಿತು, ಎರಡೂ ಮಾಡು ಮಾಡು ಸೇರುವ ಕಣಿವೆಯಲ್ಲಿ. ಅಲ್ಲಿ ಹಾಕಿದ್ದ ತಗಡು ಕಿರಿದಾಗಿತ್ತು, ಅಗಲದ್ದು ಹಾಕಿಸಿದೆವು. ಮಂಗ ಬಂದವು, ಭಾವ ಹೇಳಿದ ಹಾಗೇ, ಒಂದು ಮಧ್ಯಾಹ್ನಕ್ಕೆ 11 ಹೆಂಚು. ಪಡುಬದಿಯ ಗೋಡೆಯಲ್ಲಿ ಒಂದು ಕಲ್ಲಿಗೆ ಜೇಡಿ ತೊಳೆದು ಹೋಗಿ ತೂತು ಬಿದ್ದಿದೆ, ತಟ್ಟಿ ನೋಡುವಾಗ ತಪ್ಪಿಸಿಕೊಂಡ ಕಲ್ಲು. ಕಿಟಕಿಯ ಬಿಜಾಗರಿ, ಚಿಲಕಗಳಿಗೆ 316 ನಂಬರಿನ ಸ್ಟೇನ್‌ಲೆಸ್ ಸ್ಟೀಲ್ ಬೇಕು ಅಂತ ಕೇಳಿ ಜಾಸ್ತಿ ದುಡ್ಡು ಕೊಟ್ಟು ತಂದಿದ್ದೆವು. 316ರಲ್ಲಿ ಮಾಲಿಬ್ಡಿನಮ್ ಇರುತ್ತದೆ, ಉಪ್ಪಿಗೆ ತಡೆಯುತ್ತದೆ. ಅಕ್ಟೋಬರಿಗೇ ಅರ್ಧದಷ್ಟಕ್ಕೆ ಚಹಾದ ಕಲೆಯ ಹಾಗೆ ಕಂದು ಬಣ್ಣ. ಅಂಗಡಿಯವರು 304 ಕೊಟ್ಟಿದ್ದರು ಅಂತ ಕಾಣುತ್ತದೆ. ಅಯಸ್ಕಾಂತ ಹಿಡಿದು ನೋಡಿದ್ದೆವು, ಅದರಿಂದ ಇವೆರಡರ ವ್ಯತ್ಯಾಸ ಗೊತ್ತಾಗುವುದಿಲ್ಲ ಅನ್ನುವುದು ಆಮೇಲೆ ತಿಳಿಯಿತು. ಮಾಲಿಬ್ಡಿನಮ್ ಇದೆಯೋ ಅಂತ ನೋಡುವ ಹನಿ ಪರೀಕ್ಷೆಯ ಕಿಟ್ ಸಿಗುತ್ತದೆ. ಖರೀದಿಗೆ ಮೊದಲು ಅದನ್ನು ತರಿಸಿಕೊಳ್ಳಿ.

ಇದೆಲ್ಲ ಒಂದು ಲೆಕ್ಕ ಅಲ್ಲ. ಹೊಟ್ಟೆ ಉರಿಸಿದ್ದು ಮೊಳೆ.

ಎರಡನೇ ಮಳೆಗಾಲ ಕಳೆದ ಮೇಲೆ ಒಂದು ದಿನ ಚಾವಡಿಯಲ್ಲಿ ಅಂಗಾತ ಮಲಗಿ ಮಾಡು ನೋಡುತ್ತಿದ್ದೆ. ಹೆಂಚು ಕೂರುವ ಮರದ ಪಟ್ಟಿ ರೀಪಿನ ಮೇಲೆ ಸಾಲಾಗಿ ಕಪ್ಪು ಚುಕ್ಕೆ. ಏಣಿ ಹತ್ತಿ ನೋಡಿದರೆ ಮೊಳೆಯ ಸುತ್ತ ಮರ ಶಾಯಿ ಸುರಿದ ಹಾಗೆ ಕಪ್ಪಾಗಿದೆ, ತಲೆ ಉಗುರಿನಲ್ಲಿ ಕೆರೆದರೆ ಉದುರುತ್ತದೆ. ಮಾಮೂಲು ಕಬ್ಬಿಣದ ಮೊಳೆ. ಸರಳಿಗೆ ಕವರ್ ಅಳೆದವರು, ಬಿಜಾಗರಿಗೆ ನಂಬರ್ ನೋಡಿದವರು, ಮೊಳೆಯನ್ನು ಯಾರೂ ಕೇಳಿಯೇ ಇರಲಿಲ್ಲ. ಆಚಾರ್ರಿಗೆ ಫೋನ್ ಮಾಡಿದರೆ, "ನೀವು ಹೇಳ್ಲಿಲ್ಲ, ನಾನು ಕಿಲೋ ಲೆಕ್ಕದಲ್ಲಿ ಸಿಗುವುದು ತಂದೆ" ಅಂದರು. ತಪ್ಪೇನಿಲ್ಲ.

ಭಾವ ಕೆಳಗೆ ನಿಂತು ನಗುತ್ತಿದ್ದ. "ಕಾಣ್ತದಲ್ಲ ಮಾರಾಯ, ನಿಂಗೆ ಅದೇ ಅಲ್ವಾ ಬೇಕಿದ್ದದ್ದು?"

ಮರುವಾರ ಅವನೇ ಗಂಗೊಳ್ಳಿಗೆ ಹೋಗಿ, ಮರದ ದೋಣಿ ಕೆಲಸ ಮಾಡುವ ಪರಿಚಯದವರನ್ನು ಹಿಡಿದು ಎರಡು ಕಿಲೋ ತಾಮ್ರದ ಮೊಳೆ ತಂದಿಟ್ಟಿದ್ದಾನೆ. ತಾಮ್ರ ಮೆದು, ಹಲಸಿಗೆ ಹಾಗೇ ಹೊಡೆದರೆ ಬಾಗುತ್ತದೆ, ಒಂದೊಂದಕ್ಕೂ ಮೊದಲು ತೂತು ಕೊರೆಯಬೇಕು. ದಿನಕ್ಕೆ ಎರಡು ಸಾಲು ಆದರೆ ಜಾಸ್ತಿ ಅಂತ ಆಚಾರ್ರ ಲೆಕ್ಕ. ಡಿಸೆಂಬರಿನಲ್ಲಿ ಪಡುಬದಿಯಿಂದ ಶುರು ಮಾಡುತ್ತೇವೆ. ಮೊಳೆ ಸದ್ಯಕ್ಕೆ ಅಡಿಗೆಮನೆಯ ಗೂಡಿನಲ್ಲಿ, ಸಾಸಿವೆ ಡಬ್ಬಿಯ ಪಕ್ಕ, ಬಿಸ್ಕತ್ತಿನ ಡಬ್ಬಿಯಲ್ಲಿದೆ.